ಬೀಡಿ ಮಾವನದು, ಸ್ಟೆಂಟ್ ಅತ್ತೆಗೆ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಹಳ್ಳಿ. ಅತ್ತೆಗೆ 61 ವರ್ಷ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿ ಐದು ತಿಂಗಳಾಯಿತು. ಮಾವ ದಿನಕ್ಕೆ ಹತ್ತು–ಹನ್ನೆರಡು ಬೀಡಿ ಸೇದುತ್ತಾರೆ. ಬೇಸಿಗೆಯಲ್ಲಿ ಜಗಲಿಯಲ್ಲಿ, ಮಳೆ ಹಿಡಿದರೆ ಒಳಗೇ. ‘ಅವಳೇನು ಸೇದುತ್ತಾಳಾ?’ ಎನ್ನುತ್ತಾರೆ. ಫ್ಯಾನ್ ಹಾಕಿ ಒಂದು ಕಿಟಕಿ ತೆರೆದರೆ ಸಾಕೇ?
– ಒಬ್ಬ ಸೊಸೆ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸಾಲದು. ಅತ್ತೆಯವರಿಗೆ ವೈದ್ಯರು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆ ಬರೆದುಕೊಟ್ಟಿರುತ್ತಾರೆ. ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು) ಒಂದಕ್ಕೊಂದು ಅಂಟಿಕೊಂಡು ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಅವುಗಳ ಕೆಲಸ. ಹೊಗೆ ಮಾಡುವುದು ನೇರ ಇದರ ವಿರುದ್ಧ. ಸೇದದವರು ಅರ್ಧ ಗಂಟೆ ಹೊಗೆಯಲ್ಲಿ ಕೂತರೂ ಪ್ಲೇಟ್‌ಲೆಟ್‌ಗಳ ಅಂಟು ಹೆಚ್ಚುತ್ತದೆ, ರಕ್ತನಾಳ ಬೇಕಾದಾಗ ಹಿಗ್ಗುವ ಶಕ್ತಿ ಕುಂದುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಆಮೇಲೆ ಒಳ್ಳೆಯ ಗಾಳಿಗೆ ಬಂದರೂ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು.

ಪಕ್ಕದವರಿಗೆ ಹೋಗುವ ಹೊಗೆ ಸ್ವಲ್ಪವೇ ನಿಜ, ಆದರೆ ಹಾನಿ ಅದೇ ಲೆಕ್ಕದಲ್ಲಿ ಕಡಿಮೆಯಾಗುವುದಿಲ್ಲ. ಮನೆಯಲ್ಲೋ ಕೆಲಸದ ಜಾಗದಲ್ಲೋ ಹೊಗೆ ಕುಡಿಯುವ, ತಾವು ಸೇದದ ಜನರಿಗೆ ಹೃದಯರೋಗದ ಅಪಾಯ ಶೇ 25ರಿಂದ 30ರಷ್ಟು ಹೆಚ್ಚು. ಎರಡು ದಮ್ಮಿನ ನಡುವೆ ಬೀಡಿಯ ತುದಿಯಿಂದ ತಾನಾಗಿ ಏಳುವ ಹೊಗೆಯೇ ಇದರಲ್ಲಿ ಬಹುಪಾಲು. ಫ್ಯಾನ್ ಅದನ್ನು ಮನೆಯೆಲ್ಲ ಹರಡುತ್ತದೆ, ಅಷ್ಟೆ.

ಹಾಗಾಗಿ ಸೂರಿನಡಿ ಬೀಡಿ ಹಚ್ಚಲೇಬಾರದು. ಹಿತ್ತಲಲ್ಲಿ, ಕಿಟಕಿ–ಬಾಗಿಲಿನಿಂದ ಹತ್ತು ಹೆಜ್ಜೆಯಾಚೆ, ಒಣಹುಲ್ಲು ಇಲ್ಲದ ಕಡೆ ಒಂದು ತಗಡಿನ ಮರೆ ಮಾಡಿಕೊಡಿ. ಮಲೆನಾಡಿನ ಮನೆಗಳಲ್ಲಿ ಮರೆತುಹೋಗುವ ಇನ್ನೊಂದು ಹೊಗೆಯಿದೆ: ಬಚ್ಚಲಿನ ಹಂಡೆ ಒಲೆಯದು. ಸೌದೆ ಹೊಗೆಯಲ್ಲೂ ಅದೇ ಕಾರ್ಬನ್ ಮೊನಾಕ್ಸೈಡ್, ಅದೇ ಸಣ್ಣ ಕಣಗಳು. ಒಲೆ ಊದುವ ಕೆಲಸ ಅತ್ತೆಯವರಿಗೆ ಬೇಡ.

ಮಾವನವರು ಬಿಡಲು ಒಪ್ಪಿದರೆ ನಿಕೋಟಿನ್ ಗಮ್ ನೆರವಾಗುತ್ತದೆ. ಅವರಿಗೂ ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ 4 ಮಿ.ಗ್ರಾಂ ಬೇಕಾಗುತ್ತದೆ, ಉಳಿದವರಿಗೆ 2 ಸಾಕು. ಖಾರ ಬರುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಸಂದಿಯಲ್ಲಿಟ್ಟುಕೊಂಡು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಗಮ್ ಅಗಿಯುವುದಕ್ಕೆ ಮುಂಚಿನ 15 ನಿಮಿಷ ಕಾಫಿ ಕುಡಿಯಬಾರದು. ಕಾಫಿಯ ಹುಳಿಯಿಂದ ನಿಕೋಟಿನ್ ಬಾಯಲ್ಲಿ ಹೀರಿಕೆಯಾಗುವುದಿಲ್ಲ. ನಮ್ಮ ಕಡೆ ‘ಗಮ್ ಕೆಲಸ ಮಾಡಲಿಲ್ಲ’ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. 1800 11 2356ಕ್ಕೆ ಕರೆ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ.

ಅತ್ತೆಯವರ ಮಾತ್ರೆ ಒಂದು ದಿನವೂ ತಪ್ಪದಿರಲಿ. ಎದೆ ಬಿಗಿತ, ಬೆವರು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ.