ಮೊದಲು ತೆಗೆಯಬೇಕಿದ್ದದ್ದು ಚಿಕ್ಕ ಮಕ್ಕಳ ಸ್ಕೂಲು

ಸಾಂಕ್ರಾಮಿಕ ರೋಗ ಇರುವಾಗ ಸ್ಕೂಲು ಮತ್ತೆ ಯಾವಾಗ ತೆಗೆಯಬೇಕು, ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯ ತಡ ಮಾಡಿತಾ ಅಂತ ಕೇಳಿದ್ದೀರಿ. ನಾನು ಬಾಗೇಪಲ್ಲಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ತಡ ಮಾಡಿದ್ದು ಹೌದು. ಆದರೆ ನನ್ನ ತಕರಾರು ಅದಕ್ಕಿಂತ ಜಾಸ್ತಿ, ಯಾರಿಗೆ ಮೊದಲು ತೆಗೆದರು ಅನ್ನೋದರ ಮೇಲೆ.

2021ರಲ್ಲಿ ಎರಡನೇ ಅಲೆ ಇಳಿದ ಮೇಲೆ ಆಗಸ್ಟ್ 23ಕ್ಕೆ 9ರಿಂದ 12ನೇ ಕ್ಲಾಸು, ಅದೂ ಪಾಸಿಟಿವಿಟಿ, ಅಂದರೆ ಟೆಸ್ಟ್ ಮಾಡಿಸಿದವರಲ್ಲಿ ಸೋಂಕು ಕಂಡವರ ಪ್ರಮಾಣ, ಶೇ 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ. ಸೆಪ್ಟೆಂಬರ್ 6ಕ್ಕೆ 6ರಿಂದ 8. ಕೊನೆಗೆ ಅಕ್ಟೋಬರ್ 25ಕ್ಕೆ ನಮ್ಮ ಚಿಕ್ಕವರು, 1ರಿಂದ 5. ದೊಡ್ಡ ಮಕ್ಕಳು ಮಾಸ್ಕ್ ಹಾಕಿಕೊಳ್ಳುತ್ತಾರೆ, ಹೇಳಿದ್ದು ಕೇಳುತ್ತಾರೆ, ಮುಂದೆ ಎಸ್ಸೆಸ್ಸೆಲ್ಸಿ ಇದೆ ಅನ್ನೋ ಲೆಕ್ಕ. ಆದರೆ ಅದೇ ವರ್ಷ ಜುಲೈನಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಆಗಿನ ಮುಖ್ಯಸ್ಥ ಬಲರಾಮ್ ಭಾರ್ಗವ, ತೆಗೆಯೋದಾದರೆ ಪ್ರೈಮರಿ ಮೊದಲು ತೆಗೆಯಿರಿ, ಚಿಕ್ಕ ಮಕ್ಕಳು ಈ ವೈರಸ್ಸನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ ಅಂದಿದ್ದರು. ಅವರ ಸರ್ವೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ಆಗಲೇ ಆಂಟಿಬಾಡಿ ಬಂದಿತ್ತು. ಅಂದರೆ ಸ್ಕೂಲಿಗೆ ಬೀಗ ಹಾಕಿದ್ದರೂ ಸೋಂಕು ಮನೆಗೇ ಬಂದು ಹೋಗಿತ್ತು, ಅಲ್ವಾ?

ನಮ್ಮ ಕಡೆ ಇದರ ಪೆಟ್ಟು ಬೇರೆ ಥರ ಬಿತ್ತು. ಇದು ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಬೀದಿಯಲ್ಲೂ ತೆಲುಗು, ಮಕ್ಕಳ ಕಿವಿಗೆ ಕನ್ನಡ ಬೀಳೋದೇ ಸ್ಕೂಲಲ್ಲಿ. ಮಧ್ಯೆ ವಿದ್ಯಾಗಮ ಅನ್ನೋ ಸರ್ಕಾರದ ಯೋಜನೆಯಲ್ಲಿ ಅರಳಿಕಟ್ಟೆ ಮೇಲೆ ಒಂದಷ್ಟು ದಿನ ಪಾಠ ಮಾಡಿದೆವು, 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆ ವರ್ಷ ಒಂದನೇ ಕ್ಲಾಸಿಗೆ ಹೆಸರು ಬರೆಸಿದ ಮಗು ಕ್ಲಾಸ್‌ರೂಮಿನೊಳಗೆ ಕೂತಿದ್ದು ಎರಡನೇ ಕ್ಲಾಸು ಅರ್ಧ ಕಳೆಯೋ ಹೊತ್ತಿಗೆ.

ಬಾಗಿಲು ತೆಗೆದ ವಾರ ನಲಿ-ಕಲಿ ಕಾರ್ಡು, ಅಂದರೆ ಸರ್ಕಾರಿ ಶಾಲೆಯಲ್ಲಿ ಚಿಕ್ಕವರಿಗೆ ಆಡಿಸುತ್ತಾ ಕಲಿಸೋ ಕಾರ್ಡು, ಹರಡಿಕೊಂಡು ಕೂತೆ. ಅದರಲ್ಲಿ ಮೊದಲು ಕಲಿಸೋ ಅಕ್ಷರಗಳು ರ, ಗ, ಸ, ದ, ಅ. ಒಬ್ಬಳು ಹುಡುಗಿ ಐದನ್ನೂ ಪಟಪಟ ಅಂತ ಹೇಳಿದಳು, ಅಕ್ಕ ಹೇಳಿಕೊಟ್ಟಿದ್ದಳಂತೆ. ನನಗೋ ಖುಷಿ. 'ಗರಗಸ' ಅಂತ ಬರೆದೆ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹಾಗಂದ್ರೇನಮ್ಮ ಅಂದೆ. ಸುಮ್ನೆ ನನ್ನ ಮುಖ ನೋಡಿದಳು. ಚಿತ್ರ ತೋರಿಸಿದ ತಕ್ಷಣ ತೆಲುಗಲ್ಲಿ 'ರಂಪಂ' ಅಂದಳು. ಅವಳಪ್ಪ ಬಡಗಿ, ಮನೆಯಲ್ಲೇ ಮೂರು ಗರಗಸ ಇವೆ. ಇಂಥದ್ದು ಆನ್‌ಲೈನ್ ಪಾಠದಲ್ಲಿ ಸಿಗೋದಿಲ್ಲ, ಇದ್ದ ಒಂದು ಫೋನೂ ಅಪ್ಪನ ಜೇಬಲ್ಲಿ ಕೆಲಸಕ್ಕೆ ಹೋಗುತ್ತಿತ್ತು.

ಹಾಗಂತ ನಾನೇನು ಆಗ ಧೈರ್ಯ ಮಾಡಿ ಸ್ಕೂಲು ತೆಗೀರಿ ಅಂತ ಕೂಗಿದವನಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ್ದು ಸರಿಯೇ, ಏನು ರೋಗ ಅಂತಲೇ ಯಾರಿಗೂ ತಿಳಿದಿರಲಿಲ್ಲ. 2021ರ ಮೇ ತಿಂಗಳಲ್ಲಿ ಪಕ್ಕದೂರಿನ ಶಾಲೆಯ ಮೇಡಂ ತೀರಿಕೊಂಡಾಗ ಸ್ಕೂಲಿನ ಹೆಸರೆತ್ತಿದರೆ ನನ್ನ ಕೈ ನಡುಗುತ್ತಿತ್ತು. ಆದರೆ ಎರಡು ಡೋಸ್ ಬಿದ್ದ ಮೇಲೆ, ಸಂತೆ ಮದುವೆ ಎಲ್ಲ ಶುರುವಾದ ಮೇಲೆ, ಅದೇ ಮಕ್ಕಳು ಕಡಲೆಕಾಯಿ ಬಿಡಿಸೋ ಗುಂಪಿನಲ್ಲಿ ಒತ್ತೊತ್ತಾಗಿ ಕೂತಿದ್ದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಮುಂದೆ ಯಾವತ್ತಾದರೂ ಇಂಥ ಕಾಲ ಬಂದರೆ, ಆ ರೋಗ ಯಾವ ವಯಸ್ಸಿನವರನ್ನು ಹೆಚ್ಚು ಕಾಡುತ್ತೆ ಅಂತ ಮೊದಲು ನೋಡಿ, ಯಾಕಂದರೆ ಮಕ್ಕಳನ್ನೇ ಹಿಡಿಯೋ ರೋಗಕ್ಕೆ ಈ ಲೆಕ್ಕ ನಡೆಯಲ್ಲ. ಮೇಷ್ಟ್ರುಗಳಿಗೆ, ಮನೆಯ ಅಜ್ಜಿ ತಾತಂದಿರಿಗೆ ಲಸಿಕೆ ಆಗಿದೆಯಾ, ತಾಲ್ಲೂಕು ಆಸ್ಪತ್ರೆಯಲ್ಲಿ ಬೆಡ್ ಖಾಲಿ ಇದೆಯಾ ನೋಡಿ. ಇಡೀ ರಾಜ್ಯಕ್ಕೆ ಒಂದೇ ತಾರೀಖು ಬೇಡ. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಬೆಂಗಳೂರಲ್ಲಿ ಮುಚ್ಚಿ, ಉಳಿದ ಕಡೆ ಡಿಸಿಗಳಿಗೆ ಬಿಟ್ಟರಲ್ಲ, ಆ ಬುದ್ಧಿ ಮೊದಲೇ ಬರಬೇಕಿತ್ತು. ನಮ್ಮದು 22 ಮಕ್ಕಳ ಶಾಲೆ, ಎದುರಿಗೆ ಹೊಂಗೆ ಮರ. ಅದರ ನೆರಳಲ್ಲೇ ಕೂರಿಸಬಹುದಿತ್ತು.

ಆ ಹುಡುಗಿ ಐದನೇ ಕ್ಲಾಸು ಮುಗಿಸಿ ಟಿಸಿ ತಗೊಂಡು ಹೋದಳು. ಕನ್ನಡ ಚೆನ್ನಾಗೇ ಮಾತಾಡುತ್ತಾಳೆ. ಓದುವಾಗ ಮಾತ್ರ ಒತ್ತಕ್ಷರ ಬಂದ ಕಡೆ ಆಗಲೂ ಬೆರಳಿಟ್ಟು ನಿಂತುಬಿಡುತ್ತಿದ್ದಳು.