ಬಾಲವಿಲ್ಲದ ಸ್ವಾಲೋಟೇಲ್

ಪ್ರಶ್ನೆ: ಆಗುಂಬೆಯ ಕಾಡಂಚಿನಲ್ಲಿ ಕಪ್ಪು ಮುಂರೆಕ್ಕೆ, ಹೊಳೆಯುವ ಹಳದಿ ಹಿಂರೆಕ್ಕೆಗಳಿರುವ ದೊಡ್ಡ ಚಿಟ್ಟೆಯೊಂದನ್ನು ಕಂಡೆ. ಅದು ಯಾವುದು?

ಉತ್ತರ: ನಿಮ್ಮ ವಿವರಣೆ ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಹೊಂದುತ್ತದೆ. ಹಿಂರೆಕ್ಕೆಯಲ್ಲಿ ಬಾಲವಿಲ್ಲದಿದ್ದರೂ ಅದು ಸ್ವಾಲೋಟೇಲ್ (ಕವಲುತೋಕೆ ಹಕ್ಕಿಯಂಥ ಬಾಲ ಎಂದರ್ಥ) ಕುಟುಂಬಕ್ಕೇ ಸೇರಿದ್ದು. ಕುಟುಂಬದ ಹೆಸರು ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ರೆಕ್ಕೆ ಬಿಚ್ಚಿದಾಗ 14ರಿಂದ 19 ಸೆಂಟಿಮೀಟರ್ ಅಗಲವಿರುವ ಈ ಚಿಟ್ಟೆಯ ಹಳದಿ ಭಾಗದಲ್ಲಿ ದೊಡ್ಡ ಕಪ್ಪು ಚುಕ್ಕೆಗಳ ಸಾಲಿದ್ದರೆ ಹೆಣ್ಣು, ಅಂಚಿನಲ್ಲಷ್ಟೇ ಕಪ್ಪಿದ್ದರೆ ಗಂಡು.

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಹಾಗೂ ತೇವಭರಿತ ಎಲೆಯುದುರುವ ಕಾಡುಗಳು ಇದರ ನೆಲೆ. ಮರಿಹುಳುಗಳು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಸಸ್ಯಗಳನ್ನು ತಿಂದು, ಅವುಗಳ ವಿಷವನ್ನು ಮೈಯಲ್ಲೇ ಉಳಿಸಿಕೊಳ್ಳುವುದರಿಂದ, ಹಕ್ಕಿಗಳು ಸಾಮಾನ್ಯವಾಗಿ ಇದರ ತಂಟೆಗೆ ಹೋಗುವುದಿಲ್ಲ.