ಗೂಗಲ್ ಫಾರ್ಮ್ ಹಾಲು ಕರೆಯುವುದಿಲ್ಲ

ಸೆಮಿಸ್ಟರ್ ರಜೆ ಹತ್ತಿರ ಬಂತೆಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಡಿಸೈನ್ ಥಿಂಕಿಂಗ್ (ಬಳಸುವವರನ್ನು ಅರಿತು ಪರಿಹಾರ ರೂಪಿಸುವ ವಿಧಾನ) ಕಲಿಯಲು ಯಾವ ವರ್ಚುವಲ್ ಇಂಟರ್ನ್‌ಶಿಪ್ ಒಳ್ಳೆಯದು, ಎಷ್ಟು ವಾರ, ಸರ್ಟಿಫಿಕೇಟ್ ನಡೆಯುತ್ತದಾ. ಹೋದ ವರ್ಷ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದೆ. ಈ ಸಲ ಅಷ್ಟು ತಾಳ್ಮೆ ಇಲ್ಲ, ಒಟ್ಟಿಗೇ ಬರೆಯುತ್ತಿದ್ದೇನೆ. ಎಂಪಥೈಸ್ (ಜನರನ್ನು ಅರಿಯುವುದು), ಡಿಫೈನ್ (ಸಮಸ್ಯೆ ಏನೆಂದು ಗುರುತಿಸುವುದು), ಐಡಿಯೇಟ್ (ಉಪಾಯ ಹುಡುಕುವುದು), ಪ್ರೋಟೊಟೈಪ್ (ಮಾದರಿ ಮಾಡುವುದು), ಟೆಸ್ಟ್ (ಬಳಸಿಸಿ ನೋಡುವುದು) ಎಂಬ ಅದರ ಐದು ಹಂತಗಳ ಹೆಸರು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಮೊದಲ ವರ್ಷಕ್ಕೇ ಇದನ್ನು ಒಂದು ಕ್ರೆಡಿಟ್‌ನ ಪಾಠವಾಗಿ ಇಟ್ಟಿದೆ. ಆಗ ಕ್ಲಾಸಿನಲ್ಲಿ ನಿದ್ದೆ ಹೊಡೆದವರು ಗೆಳೆಯರ ನೋಟ್ಸ್ ಇಸ್ಕೊಂಡು ಓದಿ ಬನ್ನಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಆರನೇ ಸೆಮಿಸ್ಟರ್. ನಮ್ಮೂರು ಅರಸೀಕೆರೆ ತಾಲೂಕಿನ ಒಂದು ಹಳ್ಳಿ. ಆರು ವಾರದ ವರ್ಚುವಲ್ ಇಂಟರ್ನ್‌ಶಿಪ್‌ನಲ್ಲಿ 'ಡೈರಿಗೆ ಹಾಲು ಹಾಕುವವರಿಗೆ ಆಪ್' ಎಂಬ ಟಾಪಿಕ್ ತಗೊಂಡಿದ್ದೇನೆ. ಎಂಪಥಿ ಹಂತಕ್ಕೆ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕಿದೆ. 112 ಉತ್ತರ ಬಂದವು. 94 ಜನ ಆಪ್ ಬೇಕು ಎಂದಿದ್ದಾರೆ. ಮೆಂಟರ್ 'ಗುಡ್' ಎಂದರು. ಆದರೆ ಡಿಫೈನ್ ಹಂತದಲ್ಲಿ ಏನು ಬರೆಯಬೇಕೋ ತೋಚುತ್ತಿಲ್ಲ. ಮನೆಯಲ್ಲೇ ಕೂತು ಎಂಪಥಿ ಮಾಡುವುದು ಹೇಗೆ ಮೇಡಂ?

ಉತ್ತರ: ಆ 112 ಜನರಲ್ಲಿ ಇವತ್ತು ಬೆಳಿಗ್ಗೆ ಹಸುವಿನ ಕೆಚ್ಚಲು ಮುಟ್ಟಿದವರು ಎಷ್ಟು ಜನ? ನಿಮ್ಮ ಕ್ಲಾಸ್‌ಮೇಟ್‌ಗಳು, ಅವರ ಅಣ್ಣ ತಮ್ಮಂದಿರು, ಬೆಂಗಳೂರಿನಲ್ಲಿರುವ ನಿಮ್ಮ ಚಿಕ್ಕಪ್ಪ. ಅವರೆಲ್ಲ ಪ್ಯಾಕೆಟ್ ಕತ್ತರಿಸುವವರು. ಹಾಲು ಕರೆಯುವ ಹೆಂಗಸು ನಿಮ್ಮ ಗ್ರೂಪಿನಲ್ಲಿಲ್ಲ. ಇದ್ದರೂ ಹಿಂಡಿ ಕಲಸುವ ಕೈಯಲ್ಲಿ ಅವರು ಫಾರ್ಮ್ ತುಂಬುವುದಿಲ್ಲ.

ತೋಚದೇ ಇರುವುದು ನಿಮ್ಮ ದಡ್ಡತನದಿಂದಲ್ಲ. ಡಿಫೈನ್ ಮಾಡಲು ಕೈಯಲ್ಲಿ ಏನೂ ಇಲ್ಲ, ಅಷ್ಟೆ. ಟಾಪಿಕ್ಕಿನಲ್ಲೇ 'ಆಪ್' ಅಂತ ಉತ್ತರ ಬರೆದಿಟ್ಟುಕೊಂಡು ಆಮೇಲೆ ಪ್ರಶ್ನೆ ಹುಡುಕಲು ಹೊರಟಿದ್ದೀರಿ. ಪ್ರತಿ ಬ್ಯಾಚಿನಲ್ಲೂ ನಾನು ಮೂರು ಆಪ್ ನೋಡುತ್ತೇನೆ: ಬಸ್ ಎಲ್ಲಿದೆ ಎಂದು ಹೇಳುವ ಆಪ್, ಹಾಸ್ಟೆಲ್ ಮೆಸ್ಸಿನ ಊಟ ಉಳಿಸುವ ಆಪ್, ರೈತರ ಆಪ್. ನೋಡಿ ನೋಡಿ ಸಾಕಾಗಿದೆ.

ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ನೀವು ಕೂತಿರುವುದು ಹಳ್ಳಿಯಲ್ಲಿ. ಡೈರಿ ನಿಮ್ಮ ಬೀದಿಯಲ್ಲೇ ಇರಬೇಕು. ವರ್ಚುವಲ್ ಎಂದರೆ ಮೆಂಟರ್ ಸ್ಕ್ರೀನಿನಲ್ಲಿ ಸಿಗುತ್ತಾರೆ, ರಿಪೋರ್ಟ್ ಅಪ್‌ಲೋಡ್ ಆಗುತ್ತದೆ ಎಂದರ್ಥ. ಮನೆ ಬಾಗಿಲು ದಾಟಬಾರದು ಎಂದು ಯಾವ ಕಂಪನಿಯೂ ಹೇಳಿಲ್ಲ. ಬೆಂಗಳೂರಿನ ಹುಡುಗರು ಈ ಟಾಪಿಕ್ ತಗೊಂಡರೆ ಹಳ್ಳಿಗೆ ಬಸ್ಸು ಹತ್ತಬೇಕು. ನಿಮಗೆ ಚಪ್ಪಲಿ ಹಾಕಿಕೊಂಡರೆ ಸಾಕು.

ನಾಳೆ ಬೆಳಿಗ್ಗೆ ಅಮ್ಮನದೋ ಪಕ್ಕದ ಮನೆಯವರದೋ ಕ್ಯಾನ್ ಹಿಡಿದುಕೊಂಡು ಡೈರಿಗೆ ಹೋಗಿ. ಮೊದಲ ಎರಡು ದಿನ ಏನೂ ಕೇಳಬೇಡಿ. ಸುಮ್ನೆ ನಿಂತು ನೋಡಿ. ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ. ಕ್ಯಾನಿನ ಹಾಲು ಅಳೆದು, ಸ್ಯಾಂಪಲ್ ತೆಗೆದು, ಮಿಷನ್ನು ಫ್ಯಾಟ್ ಮತ್ತು ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶವಾದ ಎಸ್‌ಎನ್‌ಎಫ್ ತೋರಿಸುವಾಗ ಅವರ ಕಣ್ಣು ಎಲ್ಲಿರುತ್ತದೆ. ಎಸ್‌ಎನ್‌ಎಫ್ 8.5 ಬಾರದಿದ್ದರೆ ರೇಟು ಇಳಿಯುತ್ತದೆ. ಆ ಹೊತ್ತಿಗೆ ಮುಖ ಹೇಗಾಗುತ್ತದೆ, ಸೆಕ್ರೆಟರಿ ಹತ್ತಿರ ಏನು ಹೇಳುತ್ತಾರೆ, ಏನು ನುಂಗಿಕೊಳ್ಳುತ್ತಾರೆ. ಕೈಗೆ ಬಂದ ಚೀಟಿ ಎಲ್ಲಿಗೆ ಹೋಗುತ್ತದೆ: ಸೆರಗಿನ ಗಂಟಿಗೋ, ದೇವರ ಫೋಟೊ ಹಿಂದಕ್ಕೋ, ಚರಂಡಿಗೋ. ಮೂರಕ್ಕೂ ಅರ್ಥ ಬೇರೆ.

ಮೂರನೇ ದಿನ ಮಾತಾಡಿಸಿ. 'ಆಪ್ ಮಾಡಿಕೊಟ್ಟರೆ ಬಳಸ್ತೀರಾ' ಎಂದು ಮಾತ್ರ ಕೇಳಬೇಡಿ. 'ಹೂಂ ಕಣವ್ವ, ಯಾಕಿಲ್ಲ' ಎನ್ನುತ್ತಾರೆ. ಓದುವ ಹುಡುಗಿಯ ಮನಸ್ಸು ನೋಯಿಸಬಾರದೆಂಬ ಮರ್ಯಾದೆ ಅದು. ನಿಮ್ಮ 94 ಜನರ 'ಬೇಕು' ಕೂಡ ಅದೇ. ನಡೆದದ್ದನ್ನು ಕೇಳಿ. ಹೋದ ಸಲದ ಬಟವಾಡೆಯಲ್ಲಿ ದುಡ್ಡು ಕಡಿಮೆ ಬಂತಾ? ಕಡಿಮೆ ಎಂದು ಹೇಗೆ ಗೊತ್ತಾಯಿತು? ಆಮೇಲೆ ಏನು ಮಾಡಿದಿರಿ? ಚೀಟಿ ತೋರಿಸ್ತೀರಾ? ಅವರು ಹಾಲಿನ ಗಟ್ಟಿತನದ ಅಳತೆಗೆ 'ಡಿಗ್ರಿ ಬಂದಿಲ್ಲ' ಎಂದರೆ ನೋಟ್‌ಬುಕ್ಕಿನಲ್ಲೂ 'ಡಿಗ್ರಿ ಬಂದಿಲ್ಲ' ಎಂದೇ ಬರೆಯಿರಿ. 'ಗುಣಮಟ್ಟದ ಕುರಿತ ಅಸಮಾಧಾನ' ಎಂದು ಬರೆದ ಕೂಡಲೇ ಆ ಹೆಂಗಸು ಪುಟದಿಂದ ಎದ್ದು ಹೋಗಿರುತ್ತಾರೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಂಪನಿಗಾಗಿ ನೀರಿನ ಫಿಲ್ಟರ್ ಮಾಡುತ್ತಿದ್ದೆವು. ಹೆಂಗಸರನ್ನು ಕರೆಸಿ, ಕಾಫಿ ಕೊಟ್ಟು, ತೋರಿಸಿ ಕೇಳಿದೆವು. ಎಲ್ಲರೂ ಚೆನ್ನಾಗಿದೆ ಎಂದರು. ಆರು ತಿಂಗಳಾದ ಮೇಲೆ ಅವರಲ್ಲೊಬ್ಬರ ಮನೆಗೆ ಹೋದರೆ ಫಿಲ್ಟರ್ ಫ್ರಿಜ್ ಮೇಲೆ ಕುಸುರಿ ಬಟ್ಟೆ ಹೊದ್ದು ಕೂತಿತ್ತು. ನೀರು ಮಾತ್ರ ಅದೇ ಹಳೇ ತಾಮ್ರದ ಬಿಂದಿಗೆಯಲ್ಲಿ. ನಾಚಿಕೆಯಾಯಿತು. ಅವತ್ತಿನಿಂದ ಕಾಫಿ ಕೊಟ್ಟು ಕೇಳುವುದನ್ನು ಬಿಟ್ಟೆ.

ಇನ್ನೊಂದು ಕಥೆಯನ್ನೂ ಹೇಳಬೇಕು, ಅದು ಬೆಂಗಳೂರಿಗೂ ಬಂದು ನಿಂತ ಕಥೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಒಂದು ತಂಡಕ್ಕೆ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ (ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ) ಮಾಡಿ ಎಂಬ ಕೆಲಸ ಸಿಕ್ಕಿತು. ಇವರೂ ನಿಮ್ಮ ಹಾಗೇ ಕೂತಲ್ಲೇ ಬೆಲೆ ಕಡಿಮೆ ಮಾಡುತ್ತಾ ಹೋಗಬಹುದಿತ್ತು. ಒಬ್ಬರು ನೇಪಾಳಕ್ಕೆ ಹೋಗಿ ನೋಡಿದರು. ಅವಧಿಗೆ ಮುಂಚೆ ಹುಟ್ಟಿದ ಎಷ್ಟೋ ಕೂಸುಗಳು ಹಳ್ಳಿಯ ಮನೆಗಳಲ್ಲಿದ್ದವು, ಆಸ್ಪತ್ರೆಯ ಇನ್‌ಕ್ಯುಬೇಟರ್‌ವರೆಗೆ ಬರುತ್ತಲೇ ಇರಲಿಲ್ಲ. ಕರೆಂಟು ಗ್ಯಾರಂಟಿ ಇಲ್ಲದ ಮನೆಯಲ್ಲಿ ಕೂಸನ್ನು ಬೆಚ್ಚಗಿಡುವುದು ಹೇಗೆ ಎಂದು ಪ್ರಶ್ನೆಯೇ ಬದಲಾಯಿತು. ಕೊನೆಗೆ ಆದದ್ದು ಪುಟ್ಟ ಮಲಗುವ ಚೀಲದಂಥದ್ದು. ಒಳಗೆ ಮೇಣದಂಥ ವಸ್ತುವಿನ ಪೌಚ್. ಒಮ್ಮೆ ಬಿಸಿ ಮಾಡಿದರೆ ಕೆಲವು ಗಂಟೆ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಎಂಬ್ರೇಸ್ ಎಂದು ಹೆಸರಿಟ್ಟು ತಂಡ ಬೆಂಗಳೂರಿಗೆ ಬಂದು ಕೆಲಸ ಮುಂದುವರಿಸಿತು.

ನನಗೆ ಹೆಚ್ಚು ಇಷ್ಟವಾದ ಭಾಗ ಇದರ ಮುಂದಿನದು. ಬಿಸಿ ಎಷ್ಟಿದೆ ಎಂದು ಮೊದಲು ಅಂಕಿಯಲ್ಲಿ ತೋರಿಸುತ್ತಿದ್ದರು. ಹಳ್ಳಿಯ ತಾಯಿಯೊಬ್ಬರು ಹೇಳಿದರಂತೆ: ಇಂಗ್ಲಿಷ್ ಔಷಧಿ ಬಲು ಖಡಕ್ಕು, ಡಾಕ್ಟರು ಒಂದು ಚಮಚ ಎಂದರೆ ನಾವು ಅರ್ಧ ಕೊಡುತ್ತೇವೆ. ಹಾಗೇ 37 ಎಂದಿದ್ದರೆ 30ಕ್ಕೇ ನಿಲ್ಲಿಸುತ್ತೇವೆ, ಕೂಸಿಗೆ ಏನೂ ಆಗಬಾರದಲ್ಲ. ತಂಡದವರು ಅಂಕಿಯನ್ನೇ ಕಿತ್ತು ಹಾಕಿ, ಸರಿ ಇದೆ ಅಥವಾ ಇಲ್ಲ ಎಂದಷ್ಟೇ ತೋರಿಸುವಂತೆ ಮಾಡಿದರು. ನಮ್ಮ ಅಜ್ಜಿಯೂ ಮಾತ್ರೆ ಮುರಿದೇ ಕೊಡುತ್ತಿದ್ದರು, ಅಲ್ವಾ? ಈ ಮಾತು ಯಾವ ಫಾರ್ಮಿನ ಯಾವ ಖಾನೆಯಲ್ಲಿ ಬರುತ್ತಿತ್ತು ಹೇಳಿ.

ಹಾಗಾಗಿ ಡಿಫೈನ್ ಹಂತಕ್ಕೆ ಒಂದೇ ವಾಕ್ಯ ಬರೆಯಿರಿ. ಯಾರಿಗೆ, ಏನು ಬೇಕು, ಯಾಕೆ. ಉದಾಹರಣೆಗೆ, 'ಎರಡು ಹಸು ಸಾಕಿದ, ಓದಲು ಬಾರದ ಹೆಂಗಸಿಗೆ ಬಟವಾಡೆಗೆ ಮುಂಚೆಯೇ ತನ್ನ ದುಡ್ಡಿನ ಲೆಕ್ಕ ಬೇಕು; ಯಾಕೆಂದರೆ ಅದರ ಮೇಲೆಯೇ ಸಂಘದ ಸಾಲದ ಕಂತು ನಿಂತಿದೆ.' ಇದು ನಾನು ಕೂತಲ್ಲೇ ಕಟ್ಟಿದ್ದು, ಕಾಪಿ ಹೊಡೆಯಬೇಡಿ. ನಿಮ್ಮೂರಿನವರು ಬೇರೆಯದೇ ಹೇಳಬಹುದು. ಆಮೇಲೆ ಪ್ರೋಟೊಟೈಪ್ ಎಂದರೆ ಗೋಡೆಗೆ ನೇತುಹಾಕುವ ಒಂದು ರಟ್ಟಿನ ಹಾಳೆಯೂ ಆಗಬಹುದು. ಆಪ್ ಇಲ್ಲದಿದ್ದರೆ ಮೆಂಟರ್ ಮಾರ್ಕ್ಸ್ ಕತ್ತರಿಸುತ್ತಾರೆ ಎಂಬ ಭಯ ಇದ್ದರೆ ನೋಟ್‌ಬುಕ್ ತೋರಿಸಿ ವಾದ ಮಾಡಿ. ಅದಕ್ಕೂ ಒಪ್ಪದಿದ್ದರೆ ಆ ಮೆಂಟರ್‌ನಿಂದ ಕಲಿಯುವುದು ಬಹಳ ಇಲ್ಲ.

ಒಂದು ಎಚ್ಚರಿಕೆ. ಹಳ್ಳಿಯವರ ಫೋಟೊ, ಪಾಸ್‌ಬುಕ್, ಸಾಲದ ಮಾತು ಇವನ್ನೆಲ್ಲ ಕೇಳದೆ ಪಿಪಿಟಿಗೆ ಹಾಕಬೇಡಿ. ನೀವು ರಿಪೋರ್ಟ್ ಕೊಟ್ಟು ಹೋಗುತ್ತೀರಿ, ಅವರು ಅದೇ ಊರಲ್ಲಿ ಇರಬೇಕು.

ಪ್ರಶ್ನೆ: ಐದು ಜನರನ್ನು ಮಾತಾಡಿಸಿದರೆ ಸಾಕು ಎಂದು ವಿಡಿಯೊದಲ್ಲಿ ಹೇಳಿದರು. ನಿಜವಾ?

ಉತ್ತರ: ಆ ಐದು ವೆಬ್‌ಸೈಟು ಬಳಸಲು ಎಷ್ಟು ಸುಲಭ ಎಂದು ಅಳೆಯುವ ತಜ್ಞ ಜೇಕಬ್ ನೀಲ್ಸನ್ ಹೇಳಿದ ಐದು. ಮಾಡಿಟ್ಟ ವೆಬ್‌ಸೈಟನ್ನೋ ಆಪನ್ನೋ ಕೈಗೆ ಕೊಟ್ಟು ಎಲ್ಲಿ ಎಡವುತ್ತಾರೆ ಎಂದು ನೋಡುವ ಟೆಸ್ಟಿಗೆ ಹೇಳಿದ್ದು. ಜನರ ಬದುಕು ತಿಳಿಯಲು ಆ ಲೆಕ್ಕ ತರಬೇಡಿ. ಹೊಸ ಮಾತು ಬರುವುದು ನಿಲ್ಲುವವರೆಗೆ ಮಾತಾಡಿ.

ಪ್ರಶ್ನೆ: 4,999 ರೂಪಾಯಿ ಕಟ್ಟಿದರೆ 'ಸ್ಟ್ಯಾನ್‌ಫರ್ಡ್ ಮೆಥಡ್' ಡಿಸೈನ್ ಥಿಂಕಿಂಗ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಗ್ಯಾರಂಟಿ ಎನ್ನುತ್ತಿದ್ದಾರೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಲೋಗೋ ಕೂಡ ಇದೆ.

ಉತ್ತರ: ಇಂಟರ್ನ್ ಎಂದರೆ ಕೆಲಸ ಮಾಡುವವರು. ಕೆಲಸ ಮಾಡುವವರೇ ದುಡ್ಡು ಕೊಡುವ ವ್ಯವಹಾರಕ್ಕೆ ಬೇರೆ ಹೆಸರಿದೆ, ಇಲ್ಲಿ ಬರೆಯುವುದಿಲ್ಲ. ಲೋಗೋ ಯಾರು ಬೇಕಾದರೂ ಅಂಟಿಸಬಹುದು. ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್‌ಗೆ ನೀವೇ ಲಾಗಿನ್ ಆಗಿ ಹುಡುಕಿ. ಸಿಕ್ಕರೂ ದುಡ್ಡು ಕಟ್ಟುವ ಮುಂಚೆ ಕಾಲೇಜಿನ ಇಂಟರ್ನ್‌ಶಿಪ್ ನೋಡಿಕೊಳ್ಳುವವರಿಂದ 'ಇದು ನಡೆಯುತ್ತದೆ' ಎಂದು ಬರಹದಲ್ಲಿ ತಗೊಳ್ಳಿ. ಬಾಯಿಮಾತು ಬೇಡ. ಹೋದ ವರ್ಷ ಬಾಯಿಮಾತು ನಂಬಿದ ನಾಲ್ಕು ಮಕ್ಕಳು ನನ್ನ ಹತ್ತಿರ ಅತ್ತಿದ್ದಾರೆ.

ಪ್ರಶ್ನೆ: ಫೋರೇಜ್ ಎಂಬ ವೆಬ್‌ಸೈಟಿನ ಜಾಬ್ ಸಿಮ್ಯುಲೇಶನ್ (ಕಂಪನಿ ಕೆಲಸದ ಮಾದರಿಯನ್ನು ಆನ್‌ಲೈನಿನಲ್ಲಿ ಮಾಡಿ ಕಲಿಯುವುದು) ಮಾಡಿದ್ದೇನೆ. ರೆಸ್ಯೂಮೆಯಲ್ಲಿ ಇಂಟರ್ನ್‌ಶಿಪ್ ಎಂದು ಹಾಕಬಹುದಾ?

ಉತ್ತರ: ಬೇಡ. ಕೆಲಸದ ಅನುಭವ ಎಂದು ಹಾಕಬೇಡಿ ಎಂದು ಅವರೇ ಹೇಳುತ್ತಾರೆ. ಸರ್ಟಿಫಿಕೇಟುಗಳ ಕೆಳಗೆ ಹಾಕಿ. ಪುಕ್ಕಟೆ, ಚೆನ್ನಾಗಿದೆ, ಮಾಡಿ. ಆದರೆ ಕೊನೆಯಲ್ಲಿ ಕೊಡುವ ಮಾದರಿ ಉತ್ತರವನ್ನು ಮೊದಲೇ ಇಣುಕಿ ನೋಡಬೇಡಿ.

ಪ್ರಶ್ನೆ: ಆಪ್ ಪರದೆಗಳನ್ನು ಬಿಡಿಸುವ ಸಾಫ್ಟ್‌ವೇರ್ ಫಿಗ್ಮಾ ಬರುವುದಿಲ್ಲ. ಮೊದಲು ಅದನ್ನು ಕಲಿಯಬೇಕಾ?

ಉತ್ತರ: ಪೆನ್ಸಿಲ್ ಬರುತ್ತದಲ್ಲ.

ಪ್ರಶ್ನೆ: ಚಾಟ್‌ಜಿಪಿಟಿಗೆ 'ನೀನು ಮಂಡ್ಯದ ಕಬ್ಬು ಬೆಳೆಗಾರ' ಎಂದು ಹೇಳಿ ಇಂಟರ್‌ವ್ಯೂ ಮಾಡಿದರೆ ನಡೆಯುತ್ತದಾ? ಟೈಮ್ ಉಳಿಯುತ್ತದೆ.

ಉತ್ತರ: ಮಂಡ್ಯದವರು ಇದನ್ನು ಓದದಿರಲಿ. ಕೇಳಬೇಕಾದ ಪ್ರಶ್ನೆಗಳನ್ನು ತಿದ್ದಲು ಬೇಕಾದರೆ ಬಳಸಿ. ಉತ್ತರ ಮಾತ್ರ ಉಸಿರಾಡುವವರಿಂದ ಬರಲಿ.

ಪ್ರಶ್ನೆ: ನನಗೆ 42 ವರ್ಷ, ಬ್ಯಾಂಕ್ ಕೆಲಸ. ಈಗ ಶುರು ಮಾಡಿದರೆ ತಡವಾಯಿತಾ?

ಉತ್ತರ: ಇಷ್ಟು ವರ್ಷ ಕೌಂಟರಿನಲ್ಲಿ ಕೂತು ಜನರನ್ನು ನೋಡಿದ್ದೀರಿ. ಈ ಹುಡುಗರಿಗಿಂತ ಮುಂದಿದ್ದೀರಿ.

ಪ್ರಶ್ನೆ: ನಮ್ಮ ಪ್ರಾಜೆಕ್ಟಿನ 48 ಸ್ಲೈಡ್‌ನ ಪಿಪಿಟಿ ಕಳಿಸುತ್ತೇವೆ. ನೋಡಿ ಹೇಳ್ತೀರಾ ಮೇಡಂ?

ಉತ್ತರ: ಪಿಪಿಟಿ ಬೇಡ. ನೋಟ್‌ಬುಕ್ಕಿನ ಎರಡು ಪುಟದ ಫೋಟೊ ಕಳಿಸಿ, ಜನರ ಹೆಸರು, ಫೋನ್ ನಂಬರ್ ಮುಚ್ಚಿ. ಭಾನುವಾರ ನೋಡುತ್ತೇನೆ. ಅರಸೀಕೆರೆಯವರದು ಮೊದಲು. ಆ ಚೀಟಿ ಎಲ್ಲಿಗೆ ಹೋಗುತ್ತದೆ ಎಂದು ನನಗೂ ತಿಳಿಯಬೇಕು.